ಮಕ್ಕಳ ರಕ್ಷಣೆ ಕೆಲಸ ಕಲಿಯೋರಿಗೆ ದುಡ್ಡು ಕೊಡೋರು ಯಾರು? ಸಮಾಜಕಾರ್ಯ ಓದುವವರಿಗೆ ಸಿಗುವ ಶಿಷ್ಯವೇತನ, ತರಬೇತಿಗಳ ಮಾಹಿತಿ

ಚೊಳಚಗುಡ್ಡ (ಬಾದಾಮಿ ತಾ.): ಬನದ ಹುಣ್ಣಿಮೆಗೆ ಬನಶಂಕರಿ ತೇರು ಎಳೆದ ಮೇಲೂ ಇಲ್ಲಿ ಜಾತ್ರೆ ವಾರಗಟ್ಟಲೆ ನಡೀತದೆ. ನಾಟಕ ಕಂಪನಿಗಳ ಥಿಯೇಟರು, ಬಳೆ ಅಂಗಡಿ, ಆಟಿಕೆ ಅಂಗಡಿ, ಬೆಂಡು ಬತ್ತಾಸು, ಎಲ್ಲಾ ಕಡೆ ಮಂದಿ. ಇಂಥಾ ಗದ್ದಲದಾಗ ಏಳೆಂಟು ವರ್ಷದ ಹುಡುಗ ಒಬ್ಬ ರಾತ್ರಿ ಹನ್ನೊಂದಕ್ಕೆ ನಿಮ್ಮ ಅಂಗಡಿ ಮುಂದೆ ಒಬ್ಬನೇ ನಿಂತಿದ್ದಾನೆ ಅಂದುಕೊಳ್ಳಿ. ಊರು ಕೇಳಿದರೆ ಹೇಳಲ್ಲ, ಅಪ್ಪನ ಹೆಸರು ಕೇಳಿದರೆ ಅಳ್ತಾನೆ. ನೀವು 1098ಕ್ಕೆ ಫೋನ್ ಹಚ್ಚುತ್ತೀರಿ. ನಿಮ್ಮ ಕೆಲಸ ಅಲ್ಲಿಗೆ ಮುಗೀತು. ಹುಡುಗನ ವಿಷಯ ಅಲ್ಲಿಂದ ಶುರು ಆಗ್ತದೆ.

2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಆ ಹುಡುಗನನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಸಮಿತಿ ಅವನನ್ನು ಬಾಲಮಂದಿರಕ್ಕೆ ಕಳಿಸಿದರೆ, 15 ದಿನದೊಳಗೆ ಒಬ್ಬರು ಅವನ ಊರು, ಮನೆ, ಸಾಲಿ ಎಲ್ಲಾ ನೋಡಿಕೊಂಡು ಬಂದು ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಗೆ ಕಳಿಸಬೇಕೋ, ಬಾಲಮಂದಿರದಲ್ಲೇ ಇಟ್ಟುಕೊಳ್ಳಬೇಕೋ, ಸಂಬಂಧಿಕರ ಹತ್ತಿರ ಬಿಡಬೇಕೋ ಅನ್ನೋ ಕೊನೆಯ ಆದೇಶ 4 ತಿಂಗಳೊಳಗೆ ಆಗಬೇಕು. ಸಮಿತಿಯವರು ಹುಡುಗನ ಮನೆ ಕಂಡಿರೋದಿಲ್ಲ. ಅವರ ಮುಂದೆ ಇರೋದು ಆ ವರದಿ. ವರದಿ ಬರೆದವರಿಗೆ ಕೆಲಸ ಗೊತ್ತಿದ್ದರೆ, ಹುಡುಗ ಜಾತ್ರೆಯಲ್ಲಿ ತಪ್ಪಿಸಿಕೊಂಡವನೋ, ಮನೆಯಲ್ಲಿ ಹೊಡೆತ ತಾಳಲಾರದೆ ಓಡಿ ಬಂದವನೋ, ಯಾರೋ ಕೆಲಸಕ್ಕೆ ಕರ್ಕೊಂಡು ಬಂದವನೋ ಅಂತ ಗೊತ್ತಾಗ್ತದೆ. ಗೊತ್ತಿಲ್ಲದವರು ಬರೆದರೆ, ಓಡಿ ಬಂದ ಹುಡುಗನನ್ನು ಅದೇ ಮನೆಗೆ ವಾಪಸ್ ಬಿಟ್ಟು ಬರೋದೂ ಆಗಬಹುದು.

ಆ ಕೆಲಸ ಕಲಿಸೋ ಓದಿಗೆ ಸಮಾಜಕಾರ್ಯ ಅಂತಾರೆ. ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಅಂದರೆ ಇದೇ. ಈ ಓದಿಗೆ ದುಡ್ಡು ಎಲ್ಲಿಂದ ಬರ್ತದೆ, ಕಲಿಯುವಾಗ ಕೈಗೆ ಏನಾದರೂ ಸಿಗ್ತದೋ ಇಲ್ಲೋ, ಮುಗಿಸಿದ ಮೇಲೆ ಕೆಲಸ ಯಾವುದು ಅಂತ ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಸಮಾಜಸೇವೆ ಬೇರೆ, ಸಮಾಜಕಾರ್ಯ ಬೇರೆ

ಮೊದಲು ಹೆಸರಿನ ಗೊಂದಲ ಬಿಡಿಸಬೇಕು. ಯಾವ ಊರಿನ ಸರ್ಕಲ್‌ನಲ್ಲಿ ನಿಂತರೂ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ನಾಲ್ಕು ಮಂದಿ 'ಸಮಾಜ ಸೇವಕರು' ಕಾಣ್ತಾರೆ. ಅದಕ್ಕೆ ಪರೀಕ್ಷೆ ಇಲ್ಲ, ಪದವಿ ಬೇಕಿಲ್ಲ. ಹಂಗಾಗಿ ಮಗ ಎಂಎಸ್‌ಡಬ್ಲ್ಯೂ ಓದ್ತೀನಿ ಅಂದರೆ 'ಸಮಾಜಸೇವಾ ಮಾಡಾಕ ಎರಡು ವರ್ಷ ಕಾಲೇಜಿಗೆ ಯಾಕ ಹೋಗಬೇಕು' ಅಂತ ಮನೆಯವರು ಕೇಳೋದು ಸಹಜ.

ಸಮಾಜಕಾರ್ಯ ಒಂದು ಕಸಬು. ವಕೀಲಕಿ ಇದ್ದಂಗೆ, ನರ್ಸಿಂಗ್ ಇದ್ದಂಗೆ. ಹೆದರಿದ ಮಗುವಿನ ಹತ್ತಿರ ಮಾತಾಡೋದು ಹೆಂಗೆ, ಮನೆ ಭೇಟಿಯಲ್ಲಿ ಏನು ನೋಡಬೇಕು, ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಮಗುವಿಗೆ ಅದೇ ಪ್ರಶ್ನೆ ಹತ್ತು ಸಲ ಯಾಕೆ ಕೇಳಬಾರದು, ಕೋರ್ಟಿಗೆ ವರದಿ ಯಾವ ನಮೂನೆಯಲ್ಲಿ ಹೋಗಬೇಕು, ಇವೆಲ್ಲಾ ಕಲಿತು ಬರುವಂಥವು. ಸೇವೆ ಅಂತ ಕರೆದಿದ್ದೇ ಈ ಕಸಬಿಗೆ ಮುಳುವಾಗಿದೆ. ಸೇವೆ ಅಂದಮೇಲೆ ಪುಕ್ಕಟೆ ಮಾಡಬೇಕು ಅನ್ನೋ ಲೆಕ್ಕ ಜನರಲ್ಲೂ ಇದೆ, ಸರ್ಕಾರದಲ್ಲೂ ಇದೆ.

ಕೆಲಸ ಯಾವುದು, ಪಗಾರ ಎಷ್ಟು

ಮಕ್ಕಳ ರಕ್ಷಣೆಯ ಸರ್ಕಾರಿ ವ್ಯವಸ್ಥೆ ಈಗ 'ಮಿಷನ್ ವಾತ್ಸಲ್ಯ' ಅನ್ನೋ ಯೋಜನೆ ಕೆಳಗೆ ನಡೀತದೆ. ಹಿಂದೆ ಇದಕ್ಕೆ ಐಸಿಪಿಎಸ್ ಅಂತಿದ್ದರು. ಖರ್ಚಿನಲ್ಲಿ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ಪ್ರತಿ ಜಿಲ್ಲೆಗೆ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. 2022ರ ಮಾರ್ಗಸೂಚಿಯಲ್ಲಿ ಗೌರವಧನ ನಿಗದಿಯಾಗಿದೆ: ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ ತಿಂಗಳಿಗೆ 44,023 ರೂಪಾಯಿ, ಅವರ ಕೆಳಗಿನ ರಕ್ಷಣಾಧಿಕಾರಿಗಳಿಗೆ ಮತ್ತು ಕಾನೂನು ಹಾಗೂ ಪರಿವೀಕ್ಷಣಾಧಿಕಾರಿಗೆ 27,804, ಆಪ್ತ ಸಮಾಲೋಚಕರಿಗೆ ಮತ್ತು ಸಾಮಾಜಿಕ ಕಾರ್ಯಕರ್ತರಿಗೆ 18,536, ಔಟ್‌ರೀಚ್ ವರ್ಕರ್‌ಗೆ 10,592. ಕೆಲಸ ಗುತ್ತಿಗೆ ಮೇಲೆ.

ಮನೆ ಭೇಟಿ ಮಾಡಿ ವರದಿ ಬರೆಯೋ ಭಾರ ಹೆಚ್ಚಾಗಿ ಬೀಳೋದು 18,536 ರೂಪಾಯಿಯ ಸಾಮಾಜಿಕ ಕಾರ್ಯಕರ್ತರ ಮೇಲೆ. ಒಂದು ಜಿಲ್ಲೆಗೆ ಇಂಥವರು ಇಬ್ಬರು. ಬಾದಾಮಿಯಿಂದ ಜಮಖಂಡಿ, ರಬಕವಿ-ಬನಹಟ್ಟಿ ತನಕ ಹರಡಿಕೊಂಡ ಜಿಲ್ಲೆ ಇದು. ಒಬ್ಬರು ಬೆಳಗ್ಗೆ ಇಳಕಲ್ಲಿನಲ್ಲಿ ಮನೆ ಭೇಟಿ ಮುಗಿಸಿ ಮಧ್ಯಾಹ್ನ ಮುಧೋಳ ಕಡೆ ಹೋಗಬೇಕು ಅಂದರೆ ದಿನ ಬಸ್ಸಿನಲ್ಲೇ ಕಳೀತದೆ.

ಇದೇ ಘಟಕದ ಮೂಲಕ ಸಿಗುವ ಪ್ರಾಯೋಜಕತ್ವದ ಹಣವೂ ಈ ಭೇಟಿ ಮೇಲೆಯೇ ನಿಂತಿದೆ. ತಂದೆ ತೀರಿಕೊಂಡು ತಾಯಿ ಒಬ್ಬಳೇ ಸಾಕುವ ಮಗು, ಅಜ್ಜಿ ಹತ್ತಿರ ಬೆಳೆಯುವ ಅನಾಥ ಮಗು, ಪಾಲಕರಿಗೆ ದೊಡ್ಡ ರೋಗ ಇರುವ ಮನೆಯ ಮಗು, ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶ ಇದೆ. ಹಳ್ಳಿಗಳಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು, ಪಟ್ಟಣದಲ್ಲಾದರೆ 96,000. ಅರ್ಜಿ ಹಾಕಿದ ಮೇಲೆ ಯಾರಾದರೂ ಮನೆಗೆ ಬಂದು ನೋಡಿ ಬರೆಯಬೇಕು. ಬರೋರೇ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ತದೆ.

ಇನ್ನೊಂದು ದಾರಿ ಬಹಳ ಮಂದಿಗೆ ಗೊತ್ತಿಲ್ಲ. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಜೊತೆ ಪೊಲೀಸ್ ಠಾಣೆಯಿಂದ ಕೋರ್ಟಿನ ತನಕ ನಿಲ್ಲುವ 'ಬೆಂಬಲ ವ್ಯಕ್ತಿ'ಯನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸ್ತದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಇವರಿಗೆ ಸಂಭಾವನೆ ಕೊಡಬೇಕು, ಅದು ಕುಶಲ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವ್ಯವಸ್ಥೆ ಸರಿಯಾಗಿ ಜಾರಿಯಾಗಬೇಕು ಅಂತ ನಿರ್ದೇಶನ ಕೊಟ್ಟಿದೆ. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರು, ಇಲ್ಲಾ ಪದವಿ ಜೊತೆ ಮಕ್ಕಳ ಕ್ಷೇತ್ರದಲ್ಲಿ 3 ವರ್ಷ ಅನುಭವ ಇದ್ದವರು ಈ ಪಟ್ಟಿಗೆ ಹೆಸರು ಕೊಡಬಹುದು. ಹೆಣ್ಣುಮಕ್ಕಳಿಗೆ ಊರಲ್ಲಿದ್ದುಕೊಂಡೇ ಮಾಡಬಹುದಾದ ಕೆಲಸ ಇದು.

ಓದುವಾಗ ಖರ್ಚು ಎಲ್ಲಿ ಬೀಳ್ತದೆ

ಬಿಎಸ್‌ಡಬ್ಲ್ಯೂ 3 ವರ್ಷ, ಎಂಎಸ್‌ಡಬ್ಲ್ಯೂ 2 ವರ್ಷ. ಈ ಭಾಗದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಹುಡುಗಿಯರಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. ಮನೆ ಬಿಟ್ಟು ಹೋಗಲು ಆಗದವರಿಗೆ ಇಗ್ನೋದಲ್ಲಿ ದೂರಶಿಕ್ಷಣದ ಎಂಎಸ್‌ಡಬ್ಲ್ಯೂ ಇದೆ, ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ಇಗ್ನೋ ಸೇರುವ ಮೊದಲು ಕ್ಷೇತ್ರಕಾರ್ಯಕ್ಕೆ ಮಾರ್ಗದರ್ಶಕರು ಯಾವ ಊರಿನಲ್ಲಿ ಸಿಗ್ತಾರೆ ಅಂತ ಕೇಂದ್ರಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಎಷ್ಟೋ ಮಂದಿ ಫೀ ಕಟ್ಟಿದ ಮೇಲೆ ಇದನ್ನು ಕೇಳ್ತಾರೆ.

ಬಿಎ, ಬಿಕಾಂಗಿಂತ ಈ ಓದು ಭಾರ ಆಗೋದು ಫೀಯಿಂದ ಅಲ್ಲ, ಕ್ಷೇತ್ರಕಾರ್ಯದಿಂದ. ವಾರಕ್ಕೆ ಎರಡು ದಿನ ಯಾವುದಾದರೂ ಸಂಸ್ಥೆ, ಆಸ್ಪತ್ರೆ, ಬಾಲಮಂದಿರ, ಪಂಚಾಯಿತಿಯಲ್ಲಿ ಕೆಲಸ ಮಾಡಬೇಕು. ಹಳ್ಳಿಯಲ್ಲಿ ಶಿಬಿರ, ಕೊನೆಯ ಸೆಮಿಸ್ಟರ್ ಮುಗಿಯುವಾಗ ಸುಮಾರು ಒಂದು ತಿಂಗಳು ಪೂರ್ತಿ ಸಂಸ್ಥೆಯಲ್ಲೇ ಇರಬೇಕು. ಬಸ್ ಚಾರ್ಜು, ಊಟ, ವರದಿ ಪ್ರಿಂಟು ಎಲ್ಲಾ ಕೈಯಿಂದ. ದಿನಕ್ಕೆ 100 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 800 ರೂಪಾಯಿ ಆಯ್ತು. ದೊಡ್ಡ ಪೆಟ್ಟು ಬೀಳೋದು ಅದರಿಂದಲೂ ಅಲ್ಲ. ಬಿಕಾಂ ಓದುವ ಹುಡುಗ ಮಧ್ಯಾಹ್ನದ ಮೇಲೆ ಬಟ್ಟೆ ಅಂಗಡಿಯಲ್ಲೋ ಮೆಡಿಕಲ್ ಶಾಪಿನಲ್ಲೋ ನಿಂತು ನಾಲ್ಕು ದುಡ್ಡು ಮಾಡಿಕೊಳ್ತಾನೆ. ಎಂಎಸ್‌ಡಬ್ಲ್ಯೂ ಓದುವವನಿಗೆ ಆ ದಿನಗಳೇ ಇರೋದಿಲ್ಲ. ಕೂಲಿ ಮನೆಯಿಂದ, ಮಗ್ಗದ ಮನೆಯಿಂದ ಬಂದ ಹುಡುಗರು ಇಲ್ಲೇ ಸೋಲ್ತಾರೆ.

ಒಂದು ಸಮಾಧಾನ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಖರ್ಚು ಇಲ್ಲದಂತಾಗಿದೆ. ಬಾದಾಮಿಯಿಂದ ಬಾಗಲಕೋಟೆಗೆ ವಾರಕ್ಕೆ ಎರಡು ಸಲ ಹೋಗಿ ಬರೋದು ಹುಡುಗಿಗೆ ಪುಕ್ಕಟೆ, ಹುಡುಗನಿಗೆ ದುಡ್ಡು. ಸಮಾಜಕಾರ್ಯಕ್ಕಂತ ಮಾಡಿದ ಯೋಜನೆ ಅಲ್ಲ ಅದು. ಆದರೂ ಕ್ಷೇತ್ರಕಾರ್ಯಕ್ಕೆ ಸರ್ಕಾರ ಮಾಡಿದ ದೊಡ್ಡ ಸಹಾಯ ಅಂದರೆ ಸದ್ಯಕ್ಕೆ ಅದೇ.

ಸದ್ಯ ಏನೇನು ಸಿಗ್ತದೆ

ಮಕ್ಕಳ ರಕ್ಷಣೆಗೆ ಹೋಗುವ ಸಮಾಜಕಾರ್ಯ ವಿದ್ಯಾರ್ಥಿಗೆ ಅಂತಲೇ ಮಾಡಿದ, ಜಿಲ್ಲೆಯಲ್ಲೇ ಸಿಗುವ ಒಂದು ಶಿಷ್ಯವೇತನ ಯೋಜನೆ ಕಾಣೋದಿಲ್ಲ. ಬೇರೆ ಬೇರೆ ಯೋಜನೆಯ ತುಂಡುಗಳನ್ನು ಕೂಡಿಸಿಕೊಳ್ಳಬೇಕು.

ಎಲ್ಲರೂ ಮೊದಲು ನೋಡಬೇಕಾದ್ದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್‌ಎಸ್‌ಪಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಮನೆಯ ಆದಾಯ ಮಿತಿ 2.5 ಲಕ್ಷ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ. ಶುರುವಾದಾಗ ಅದರಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳು ಕೊಡುತ್ತಿದ್ದರು. ಸಮಾಜ ಕಲ್ಯಾಣ ಇಲಾಖೆ, ಬಿಸಿಎಂ ಹಾಸ್ಟೆಲ್ ಸಿಕ್ಕರೆ ಧಾರವಾಡದಲ್ಲಿ ಅರ್ಧ ಚಿಂತೆ ಕಳೀತು.

ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ, ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಮುಗಿಸಿದ ಹುಡುಗಿ ಬಿಎಸ್‌ಡಬ್ಲ್ಯೂ ಅಥವಾ ಬೇರೆ ಪದವಿಗೆ ಮೊದಲ ವರ್ಷ ಸೇರುತ್ತಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ವರ್ಷಕ್ಕೆ 30,000 ರೂಪಾಯಿ, ಕೋರ್ಸು ಮುಗಿಯುವ ತನಕ. ಇದು ಪದವಿಗೆ ಮಾತ್ರ, ಎಂಎಸ್‌ಡಬ್ಲ್ಯೂಗೆ ಬರೋದಿಲ್ಲ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೆಹಲಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ನಡೆಸ್ತಾ ಬಂದಿದೆ. ದೊಡ್ಡ ನಗರದವರಿಗಲ್ಲ, ಸಣ್ಣ ಊರು ಮತ್ತು ಹಳ್ಳಿಯ 21ರಿಂದ 40 ವರ್ಷದೊಳಗಿನ ಮಹಿಳೆಯರಿಗೆ. ತಿಂಗಳಿಗೆ 20,000 ರೂಪಾಯಿ ಕೊಡ್ತಾರೆ. ಬಾದಾಮಿ ತಾಲ್ಲೂಕಿನ ಹುಡುಗಿಗೆ ಹೇಳಿ ಮಾಡಿಸಿದಂಥದ್ದು. ಆದರೆ ಅರ್ಜಿ ಇಂಗ್ಲಿಷಿನಲ್ಲಿ, ಆನ್‌ಲೈನಿನಲ್ಲಿ, ಬಾಗಿಲು ತೆರೆದಿರೋದು ಕೆಲವೇ ದಿನ. ಕಾಲೇಜಿನ ನೋಟಿಸ್ ಬೋರ್ಡಿಗೆ ಅದು ಬರೋದು ಅಪರೂಪ.

ನಿಜವಾದ ಅರ್ಥದಲ್ಲಿ ದುಡ್ಡು ಕೊಟ್ಟು ಕಲಿಸೋದು ಅಂದರೆ ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿದವರಿಗೆ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎರಡು ವರ್ಷದ ಎಂಫಿಲ್ ತರಬೇತಿ ಇದೆ, ತಿಂಗಳಾ ಶಿಷ್ಯವೇತನ ಇದೆ. ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲೂ ಕೆಲಸ ಹಚ್ಚುತ್ತಾರೆ. ತರಬೇತಿ ಮುಗಿಸಿದವರು ರೋಗಿ ಎದುರಿಗೆ ಕೂತು ಕಲಿತವರು. ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ. ಯುಜಿಸಿ ಎಂಫಿಲ್ ಪದವಿಯನ್ನೇ ನಿಲ್ಲಿಸಿ, ಈ ವಿಷಯಕ್ಕೆ 2025-26ರ ತನಕ ವಿನಾಯಿತಿ ಕೊಟ್ಟಿತ್ತು. ಹಂಗಾಗಿ ಅರ್ಜಿ ಹಾಕುವವರು ಆ ವರ್ಷದ ಅಧಿಸೂಚನೆಯನ್ನೇ ನೋಡಬೇಕು, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬಾರದು. ನಿಮ್ಹಾನ್ಸ್‌ನಲ್ಲೇ ಕೇಂದ್ರ ಸರ್ಕಾರದ 'ಸಂವಾದ' ಅನ್ನೋ ಘಟಕ ಇದೆ. ಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಅದು ತರಬೇತಿ ಕೊಡ್ತದೆ.

ಸಂಶೋಧನೆ ಕಡೆ ಹೋಗುವವರಿಗೆ ಯುಜಿಸಿ ನೆಟ್‌ನಲ್ಲಿ ಸಮಾಜಕಾರ್ಯ ಒಂದು ವಿಷಯ. ಜೆಆರ್‌ಎಫ್ ಆದರೆ 2023ರಿಂದ ತಿಂಗಳಿಗೆ 37,000. ಅದು ಪಿಎಚ್‌ಡಿ ಮಾಡುವವರಿಗೆ.

ಯಾವುದು ಸಿಗೋದಿಲ್ಲ ಅನ್ನೋದೂ ಗೊತ್ತಿರಲಿ. ಯುವನಿಧಿಯ 3,000 ರೂಪಾಯಿ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಮುಂದೆ ಓದುತ್ತಿದ್ದರೆ ಬರೋದಿಲ್ಲ. ಎಂಎಸ್‌ಡಬ್ಲ್ಯೂಗೆ ಸೇರಿ ಯುವನಿಧಿಯನ್ನೂ ತಗೊಂಡರೆ ಆಮೇಲೆ ತೊಂದರೆ. 2024ರಲ್ಲಿ ಶುರುವಾದ ಪಿಎಂ ಇಂಟರ್ನ್‌ಶಿಪ್‌ನಲ್ಲಿ ತಿಂಗಳಿಗೆ 5,000 ಇಟ್ಟಿದ್ದರು. ಅದು ದೊಡ್ಡ ಕಂಪನಿಗಳಲ್ಲಿ ಮಾಡುವಂಥದ್ದು, ಸ್ನಾತಕೋತ್ತರ ಪದವಿ ಆದವರನ್ನು ಆ ನಿಯಮದಲ್ಲಿ ಹೊರಗಿಟ್ಟಿದ್ದರು. ಬಾಲಮಂದಿರದಲ್ಲಿ ಕಲಿಯೋ ಹುಡುಗನಿಗೆ ಇವೆರಡೂ ಆಗಿಬರೋದಿಲ್ಲ.

ವಕೀಲರಿಗೆ ಉಂಟು, ಪತ್ರಕರ್ತರಿಗೆ ಉಂಟು

ಕಲಿಯೋರಿಗೆ ಪಗಾರ ಕೊಡೋದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯ ಏನಲ್ಲ. 'ಕಾನೂನು ಪದವೀಧರರಿಗೆ ಶಿಷ್ಯವೇತನ ಸಹಿತ ತರಬೇತಿ, ಅರ್ಜಿ ಆಹ್ವಾನ' ಅನ್ನೋ ಸಣ್ಣ ಸುದ್ದಿ ಜಿಲ್ಲಾ ಪತ್ರಿಕೆಗಳಲ್ಲಿ ಪದೇ ಪದೇ ಬರ್ತದೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯವರು ಹೊಸ ವಕೀಲರನ್ನು ಹಿರಿಯ ವಕೀಲರ ಕೈಕೆಳಗೆ ಇಟ್ಟು ತಿಂಗಳಾ ದುಡ್ಡು ಕೊಡ್ತಾರೆ. ಪತ್ರಿಕೋದ್ಯಮ ಓದಿದ ಪರಿಶಿಷ್ಟ ಜಾತಿ, ಪಂಗಡದ ಅಭ್ಯರ್ಥಿಗಳಿಗೆ ವಾರ್ತಾ ಇಲಾಖೆಯಲ್ಲಿ ಅಪ್ರೆಂಟಿಸ್ ತರಬೇತಿ ಇದೆ. ಐಟಿಐ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಎಂಬಿಬಿಎಸ್ ಮುಗಿಸಿದವರಿಗೆ ಇಂಟರ್ನಿ ಆಗಿದ್ದಾಗ ಸ್ಟೈಪೆಂಡ್ ಇದೆ. ಮಗ್ಗದ ಮನೆಯಲ್ಲಿ, ಕೂಲಿ ಮನೆಯಲ್ಲಿ ಹುಟ್ಟಿದ ವಕೀಲ ಮೊದಲ ವರ್ಷ ಕೇಸಿಲ್ಲದೆ ಕೂತಾಗ ಉಪವಾಸ ಬೀಳಬಾರದು ಅನ್ನೋದು ಆ ಯೋಜನೆಯ ಹಿಂದಿನ ಲೆಕ್ಕ. ಅದೇ ಲೆಕ್ಕ ಮಕ್ಕಳ ರಕ್ಷಣೆ ಕಲಿಯೋನಿಗೂ ಒಪ್ತದೆ.

ಹೊರದೇಶದಲ್ಲಿ ಇದು ಹಳೇ ಪದ್ಧತಿ. ಅಮೆರಿಕದಲ್ಲಿ 1980ರಲ್ಲಿ ಬಂದ ಕಾಯ್ದೆಯೊಂದರ ಕೆಳಗೆ, ಸರ್ಕಾರಿ ಮಕ್ಕಳ ಕಲ್ಯಾಣ ಕೆಲಸಕ್ಕೆ ತಯಾರಾಗುವವರ ತರಬೇತಿ ಖರ್ಚಿನಲ್ಲಿ 100ಕ್ಕೆ 75 ಭಾಗ ಕೇಂದ್ರ ಸರ್ಕಾರವೇ ಹಾಕ್ತದೆ. ಅದನ್ನು ಹಿಡಿದುಕೊಂಡು ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ ವಿಶ್ವವಿದ್ಯಾಲಯಗಳು ಮತ್ತು ಸ್ಥಳೀಯ ಸರ್ಕಾರಗಳು ಕೂಡಿ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಡ್ತಾ ಬಂದಿವೆ. ಬಹಳ ವರ್ಷ ಅದು ವರ್ಷಕ್ಕೆ 18,500 ಡಾಲರ್ ಇತ್ತು. ಷರತ್ತು ಒಂದೇ: ಎಷ್ಟು ವರ್ಷ ದುಡ್ಡು ತಗೊಂಡರೋ ಅಷ್ಟು ವರ್ಷ ಸರ್ಕಾರಿ ಮಕ್ಕಳ ಕಲ್ಯಾಣ ಕಚೇರಿಯಲ್ಲಿ ದುಡಿಯಬೇಕು, ಇಲ್ಲಾಂದ್ರೆ ವಾಪಸ್ ಕಟ್ಟಬೇಕು. ಇಂಗ್ಲೆಂಡಿನಲ್ಲೂ 2010ರಿಂದ ಬೇರೆ ಪದವಿ ಮುಗಿಸಿದವರನ್ನು ಶಿಷ್ಯವೇತನ ಕೊಟ್ಟು ಮಕ್ಕಳ ಸಮಾಜಕಾರ್ಯಕ್ಕೆ ತಯಾರು ಮಾಡುವ ಯೋಜನೆ ಇದೆ.

ಇಂಥ ಕರಾರು ನಮ್ಮವರಿಗೆ ಹೊಸದಲ್ಲ. ಕರ್ನಾಟಕದಲ್ಲೇ ಡಾಕ್ಟರ್ ಓದಿದವರಿಗೆ ಕಡ್ಡಾಯ ಸೇವೆಯ ಕಾಯ್ದೆ 2012ರದ್ದಿದೆ.

ಮುಂಬೈಯಿಂದ ಬಂದ ಕಸಬು

ಸಮಾಜಕಾರ್ಯ ಅನ್ನೋ ಓದು ನಮ್ಮ ಭಾಗಕ್ಕೆ ದೂರದ್ದಲ್ಲ. ಆಗಿನ ಬಿಜಾಪುರ ಜಿಲ್ಲೆ 1956ರ ತನಕ ಮುಂಬೈ ಆಡಳಿತದಲ್ಲೇ ಇತ್ತು, ಮುಂಬೈ ಮಕ್ಕಳ ಕಾಯ್ದೆ 1924ರಲ್ಲೇ ಬಂದಿತ್ತು. ಹಿರಿಯರು ಈಗಲೂ ಬಾಲಮಂದಿರಕ್ಕೆ 'ರಿಮ್ಯಾಂಡ್ ಹೋಂ' ಅನ್ನೋದು ಆ ಕಾಲದ ಮಾತು. 1936ರಲ್ಲಿ ಮುಂಬೈನಲ್ಲಿ ದೋರಾಬ್ಜಿ ಟಾಟಾ ಹೆಸರಿನಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆಯಿತು. ಈಗ ಅದಕ್ಕೆ ಟಿಸ್ ಅಂತಾರೆ.

1098 ಹುಟ್ಟಿದ್ದೂ ಅಲ್ಲೇ. 1996ರಲ್ಲಿ ಟಿಸ್‌ನಲ್ಲಿ ಪಾಠ ಮಾಡುತ್ತಿದ್ದ ಜೆರೂ ಬಿಲ್ಲಿಮೋರಿಯಾ ಬೀದಿ ಮಕ್ಕಳಿಗಾಗಿ ಇದನ್ನು ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ ಶುರು ಮಾಡಿದರು. ಕ್ಷೇತ್ರಕಾರ್ಯಕ್ಕೆ ಬೆಂಬಲ ಸಿಕ್ಕರೆ ಅದರಿಂದ ಏನು ಹೊರಬರ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆಮೇಲೆ ದೇಶಾದ್ಯಂತ ಸ್ವಯಂಸೇವಾ ಸಂಸ್ಥೆಗಳು ಅದನ್ನು ನಡೆಸಿದವು. 2023ರಲ್ಲಿ ಸರ್ಕಾರವೇ ವಹಿಸಿಕೊಂಡು 112 ತುರ್ತು ಸಂಖ್ಯೆ ಜೊತೆ ಜೋಡಿಸಿತು. ನಂಬರು ಅದೇ ಉಳಿಯಿತು. ಆದರೆ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಪಳಗಿದ ಎಷ್ಟೋ ಮಂದಿಯ ಕೆಲಸ ಹೋಯಿತು. ಅವರ ಅನುಭವ ಹೊಸಬರಿಗೆ ದಾಟಿಸೋ ವ್ಯವಸ್ಥೆ ಆಗಬೇಕಿತ್ತು.

ಟಿಸ್‌ನ ಇನ್ನೊಂದು ಕ್ಯಾಂಪಸ್ ಅಂಬಾಭವಾನಿಯ ತುಳಜಾಪುರದಲ್ಲಿದೆ. ಬಾದಾಮಿ ಸ್ಟೇಷನ್ನಿನಲ್ಲಿ ಸೊಲ್ಲಾಪುರ ರೈಲು ಹತ್ತಿದರೆ ಅಲ್ಲಿಂದ ಸುಮಾರು 45 ಕಿ.ಮೀ. ದೇವಿಗೆ ನಡೆದುಕೊಳ್ಳುವವರು ಪ್ರತಿ ವರ್ಷ ಹೋಗಿ ಬರುವ ಊರು. ಅಲ್ಲಿ ಸಮಾಜಕಾರ್ಯ ಕಲಿಸೋ ಕಾಲೇಜು ಇದೆ ಅಂತ ಅವರಲ್ಲಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಪ್ರವೇಶ ಸಿಯುಇಟಿ ಮೂಲಕ. ಖರ್ಚಿನ ವಿಷಯದಲ್ಲಿ ಮಾತ್ರ ಕಣ್ಣು ತೆರೆದು ಹೋಗಬೇಕು. 2018ರ ಫೆಬ್ರುವರಿಯಲ್ಲಿ ಟಿಸ್‌ನ ನಾಲ್ಕೂ ಕ್ಯಾಂಪಸ್ಸಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದ್ದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಡೆಯುವ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಹಾಸ್ಟೆಲ್, ಊಟದ ಖರ್ಚಿಗೆ ಕೊಡುತ್ತಿದ್ದ ನೆರವು ನಿಂತಿದ್ದಕ್ಕೆ. ದೇಶದ ಹೆಸರಾಂತ ಕಾಲೇಜಿನಲ್ಲೇ ಹಿಂಗಾದರೆ ಉಳಿದ ಕಡೆ ಏನು ಅಂತ ಯಾರಾದರೂ ಊಹಿಸಬಹುದು.

ಜಿಲ್ಲೆಯಲ್ಲಿ ಆಗಬಹುದಾದ್ದು

ಲೆಕ್ಕ ದೊಡ್ಡದಲ್ಲ. ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 5,000ದಂತೆ 10 ತಿಂಗಳು ಕೊಟ್ಟರೆ 50,000. ಹತ್ತು ಮಂದಿಗೆ ವರ್ಷಕ್ಕೆ 5 ಲಕ್ಷ. ಹತ್ತು ಮಂದಿಯನ್ನು ತಾಲ್ಲೂಕುಗಳಿಗೆ ಹಂಚಿ ವಾರಕ್ಕೆ ಎರಡು ದಿನ ಮಕ್ಕಳ ರಕ್ಷಣಾ ಘಟಕದ ಕೆಲಸಕ್ಕೆ ಹಾಕಿದರೆ ವಾರಕ್ಕೆ 20 ದಿನದ ಕೆಲಸ ಆಯ್ತು. ವರದಿಗೆ ಸಹಿ ಮಾಡೋದು ಕಚೇರಿಯವರೇ ಆಗಿರಲಿ. ಮನೆ ಹುಡುಕೋದು, ಸಾಲಿಗೆ ಹೋಗಿ ಹಾಜರಿ ನೋಡೋದು, ಪ್ರಾಯೋಜಕತ್ವದ ಅರ್ಜಿ ತುಂಬಿಸೋದು, ಮಕ್ಕಳ ಗ್ರಾಮಸಭೆಗೆ ಕೂಡೋದು ವಿದ್ಯಾರ್ಥಿಗಳು ಮಾಡುವಂಥ ಕೆಲಸ. ಮಗುವಿನ ಹೆಸರು, ಗುರುತು ಹೊರಗೆ ಹೋಗಬಾರದು ಅನ್ನೋ ಕಟ್ಟಳೆಯನ್ನು ಮೊದಲ ದಿನವೇ ಕಲಿಸಬೇಕು, ಅದಿಲ್ಲದೆ ಈ ಕೆಲಸಕ್ಕೆ ಯಾರನ್ನೂ ಬಿಡುವಂತಿಲ್ಲ.

ದುಡ್ಡಿನ ಮೂಲ ಜಿಲ್ಲೆಯಲ್ಲೇ ಇದೆ. ಗಣಿಯಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಮಹಿಳೆ ಮತ್ತು ಮಕ್ಕಳ ಕಲ್ಯಾಣಕ್ಕೆ, ಕೌಶಲ ತರಬೇತಿಗೆ ಬಳಸಲು ನಿಯಮದಲ್ಲೇ ಅವಕಾಶ ಇದೆ. ಸಕ್ಕರೆ, ಸಿಮೆಂಟ್ ಕಾರ್ಖಾನೆಗಳ ಸಾಮಾಜಿಕ ಹೊಣೆಯ ಹಣ ಇದೆ. ಆ ಹಣದಲ್ಲಿ ಸಾಲಿಗೆ ಬಣ್ಣ, ಬೆಂಚು ಆಗ್ತವೆ, ಅದು ಕಣ್ಣಿಗೆ ಕಾಣ್ತದೆ. ತರಬೇತಿ ಆದ ಮನುಷ್ಯ ಫೋಟೋದಲ್ಲಿ ಕಾಣೋದಿಲ್ಲ, ಹಂಗಾಗಿ ಯಾರೂ ಕೇಳೋದಿಲ್ಲ.

ಅಂಗಡಿಯವರಿಗೆ ಗೊತ್ತಿರಬೇಕಾದ್ದು

ಒಂಟಿಯಾಗಿ ಸಿಕ್ಕ, ತಪ್ಪಿಸಿಕೊಂಡ ಮಗುವನ್ನು ವಹಿಸಿಕೊಂಡವರು 24 ತಾಸಿನೊಳಗೆ 1098ಕ್ಕೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ತನಕ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. 'ನಾಳೆ ಯಾರಾದರೂ ಹುಡುಕ್ಕೊಂಡು ಬರ್ತಾರೆ, ಇಲ್ಲೇ ಇರಲಿ' ಅಂತ ಒಳ್ಳೆ ಮನಸ್ಸಿನಿಂದ ಇಟ್ಟುಕೊಂಡರೂ ತಪ್ಪೇ. 14 ವರ್ಷದೊಳಗಿನವರನ್ನು ಅಂಗಡಿ, ಖಾನಾವಳಿ ಕೆಲಸಕ್ಕೆ ಇಟ್ಟುಕೊಂಡರೆ 20,000ದಿಂದ 50,000 ರೂಪಾಯಿ ತನಕ ದಂಡ, ಜೈಲೂ ಆಗಬಹುದು. ಜಾತ್ರೆ ಸಾಲಿನ ಅಂಗಡಿಗೂ ಇದೇ ಕಾಯ್ದೆ.

ಕ್ಷೇತ್ರಕಾರ್ಯಕ್ಕೆ ಬಂದ ಕಾಲೇಜು ಹುಡುಗರು ಈ ಬಗ್ಗೆ ಕೇಳಲು ಬಂದರೆ ಕಾಲೇಜಿನ ಪತ್ರ, ಗುರುತಿನ ಚೀಟಿ ನೋಡಿ ಮಾತಾಡಿ. ಅವರು ಇನ್‌ಸ್ಪೆಕ್ಟರ್ ಅಲ್ಲ, ದಂಡ ಹಾಕುವ ಅಧಿಕಾರ ಅವರಿಗಿಲ್ಲ.

ಅರ್ಜಿ ಹಾಕುವವರಿಗೆ

ಎಸ್‌ಎಸ್‌ಪಿ ಅರ್ಜಿ ನಿಲ್ಲೋದು ಹೆಚ್ಚಾಗಿ ಸಣ್ಣ ಕಾರಣಕ್ಕೆ: ಆಧಾರ್‌ನಲ್ಲಿರುವ ಹೆಸರು ಮಾರ್ಕ್ಸ್‌ಕಾರ್ಡಿನ ಹೆಸರಿಗೆ ಹೊಂದಿರೋದಿಲ್ಲ, ಇಲ್ಲಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರೋದಿಲ್ಲ. ಕಾಲೇಜು ಶುರುವಾಗುವ ಮೊದಲೇ ಇವೆರಡನ್ನು ಸರಿ ಮಾಡಿಸಿಕೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗ್ತದೆ. ಆದಾಯ ಪತ್ರದ ಅವಧಿ ಮುಗಿದಿದ್ದರೆ ಹೊಸದು ಮಾಡಿಸಬೇಕು.

ಎಂಎಸ್‌ಡಬ್ಲ್ಯೂ ಸೇರಿದವರು ಕ್ಷೇತ್ರಕಾರ್ಯದ ಜಾಗ ಹಂಚುವಾಗ ಸುಮ್ಮನೆ ಕೂರದೆ, ಮಕ್ಕಳ ರಕ್ಷಣಾ ಘಟಕ ಅಥವಾ ಬಾಲಮಂದಿರ ಬೇಕು ಅಂತ ವಿಭಾಗದ ಮುಖ್ಯಸ್ಥರಿಗೆ ಬರೆದು ಕೊಡಬೇಕು. ಕಾಲೇಜಿನ ಪತ್ರ ಇಲ್ಲದೆ ಬಾಲಮಂದಿರದ ಒಳಗೆ ಬಿಡೋದಿಲ್ಲ. ಮುಗಿಸಿದ ಮೇಲೆ ಎಷ್ಟು ತಾಸು, ಯಾವ ಕೆಲಸ ಅಂತ ಬರೆದ ಪ್ರಮಾಣಪತ್ರ ಕೇಳಿ ಇಸಿದುಕೊಳ್ಳಿ. ಮುಂದೆ ಗುತ್ತಿಗೆ ಕೆಲಸಕ್ಕೆ ಅರ್ಜಿ ಹಾಕುವಾಗ ಅನುಭವ ತೋರಿಸಲು ಅದು ಬೇಕಾಗ್ತದೆ. ಮಿಷನ್ ವಾತ್ಸಲ್ಯದ ಹುದ್ದೆಗಳ ಪ್ರಕಟಣೆ ಜಿಲ್ಲಾಡಳಿತದ ಜಾಲತಾಣದಲ್ಲಿ, ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರ್ತದೆ. ಕೊನೆಯ ದಿನಾಂಕ ಬೇಗ ಇರೋದರಿಂದ ಮಾರ್ಕ್ಸ್‌ಕಾರ್ಡುಗಳ ಝೆರಾಕ್ಸ್ ತೆಗೆಸಿ ಇಟ್ಟುಕೊಂಡಿದ್ದರೆ ಒಳ್ಳೆಯದು.